ಎರಡನೇ ಟ್ಯಾಂಕಿನಲ್ಲಿ ಡೀಸೆಲ್ ಉಂಟು, ಆದ್ರೂ ಲಾರಿ ಎಳೆಯುವುದಿಲ್ಲ: ಯಾಕೆ?

"ಅಣ್ಣ, ಎರಡನೇ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡೀಸೆಲ್ ಉಂಟು. ಆದ್ರೂ ಗಾಡಿ ಎಳೀತಾ ಇಲ್ಲ."

ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರಿನಲ್ಲಿ ನಿಂತಿದ್ದ ಮೀನಿನ ಲಾರಿಯ ಡ್ರೈವರ್ ಫೋನಿನಲ್ಲಿ ಹೇಳಿದ್ದು ಇಷ್ಟು. ಫಿಲ್ಟರ್ ಹಾಕಿ ಹತ್ತು ದಿನ ಆಗಿತ್ತು. ಪೈಪಿನಲ್ಲಿ ಎಲ್ಲೂ ಸೋರಿಕೆ ಇರಲಿಲ್ಲ. "ಟ್ಯಾಂಕಿನ ಮುಚ್ಚಳ ನಿಧಾನ ತಿರುಗಿಸು ಮಾರಾಯ, ಫೋನ್ ಅದರ ಹತ್ತಿರ ಹಿಡಿ" ಎಂದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿದ್ದು ನನಗೂ ಕೇಳಿಸಿತು. ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ. ಗಾಡಿ ಮೊದಲಿನ ಹಾಗೆ ಎಳೆಯಿತು.

ಆ ಲಾರಿ ಟ್ರಾಲಿಂಗ್ ನಿಷೇಧದ ಜೂನ್, ಜುಲೈ ಎರಡೂ ತಿಂಗಳು ಮಲ್ಪೆಯಲ್ಲಿ ಒಂದು ಶೆಡ್ಡಿನೊಳಗೆ ನಿಂತಿತ್ತು. ವಾಪಸ್ ಬಂದ ಮೇಲೆ ಎರಡನೇ ಟ್ಯಾಂಕಿನ ಬ್ರೀದರ್ ಪೈಪ್, ಅಂದರೆ ಟ್ಯಾಂಕಿನೊಳಗೆ ಗಾಳಿ ಹೋಗಿಬರುವ ಸಣ್ಣ ಪೈಪ್, ಬಿಚ್ಚಿ ನೋಡಿದೆ. ಕುಂಬಾರ ಹುಳು ಅದರ ಬಾಯಿಗೆ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಕಿರುಬೆರಳಿನಷ್ಟು ದಪ್ಪದ, ಒಣಗಿ ಗಟ್ಟಿಯಾದ ಕೆಂಪು ಮಣ್ಣು. ಅಷ್ಟೇ ಸಾಕಾಗಿತ್ತು.

ಲಾರಿಗೆ ಹೆಚ್ಚುವರಿಯಾಗಿ ಹಾಕಿಸುವ ಎರಡನೇ ಟ್ಯಾಂಕ್ ಎಂದರೆ ಜನ ಟ್ಯಾಂಕಿನ ಬಗ್ಗೆಯೇ ಕೇಳುತ್ತಾರೆ. ಎಷ್ಟು ಲೀಟರ್, ಯಾವ ಗೇಜಿನ ತಗಡು, ಎಷ್ಟು ಖರ್ಚು ಅಂತ. ಆದರೆ ನನ್ನ ಅನುಭವದಲ್ಲಿ ತೊಂದರೆ ಬರುವುದು ಟ್ಯಾಂಕಿನಿಂದ ಅಲ್ಲ, ದಾರಿಗಳಿಂದ. ಡೀಸೆಲ್ ಎಂಜಿನ್‌ಗೆ ಹೋಗುವ ದಾರಿ, ಅಲ್ಲಿ ಉಳಿದದ್ದು ವಾಪಸ್ ಬರುವ ದಾರಿ, ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬರುವ ದಾರಿ. ಈ ಮೂರೂ ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಒಂದು ಕಾಗದದ ಮೇಲೆ ಗೀಟು ಎಳೆದು ತೋರಿಸಲು ಬಂದರೆ ಅರ್ಧ ಕೆಲಸ ಆದ ಹಾಗೆ.

ನಮ್ಮ ಕಡೆ ಇದು ಯಾಕೆ ಬೇಕು?

ಮಲ್ಪೆಯಿಂದಲೋ ಮಂಗಳೂರಿನ ಧಕ್ಕೆಯಿಂದಲೋ ಮಂಜುಗಡ್ಡೆ ಹಾಕಿ ಮೀನು ತುಂಬಿಸಿದ ಮೇಲೆ ದಾರಿಯಲ್ಲಿ ನಿಲ್ಲುವುದು ಯಾರಿಗೂ ಬೇಡ. ಲೋಡ್ ಆದ ಹತ್ತು ಚಕ್ರದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ, 200 ಲೀಟರಿಗೆ 800 ಕಿಲೋಮೀಟರ್ ಆಯಿತು. ಘಾಟಿ ಹತ್ತಿದರೆ ಅದೂ ಇಲ್ಲ. ಇನ್ನೊಂದು ಕಾರಣ ತಲಪಾಡಿ. ಕೇರಳದಲ್ಲಿ ಡೀಸೆಲ್ ನಮಗಿಂತ ತುಟ್ಟಿ. ಹಾಗಾಗಿ ಗಡಿ ದಾಟುವ ಮೊದಲು ಇಲ್ಲೇ ತುಂಬಿಸಿಕೊಂಡರೆ ಒಂದು ಟ್ರಿಪ್ಪಿಗೆ ಒಳ್ಳೆಯ ಉಳಿತಾಯ. ಗುರುತಿನ ಬಂಕಿನ ಒಳ್ಳೆ ಡೀಸೆಲ್ ಜಾಸ್ತಿ ಇಟ್ಟುಕೊಳ್ಳಬಹುದು ಎನ್ನುವುದೂ ಉಂಟು.

ಆದರೆ ಭಾರದ ಲೆಕ್ಕವನ್ನೂ ಹಾಕಿ. 100 ಸೆಂಟಿಮೀಟರ್ ಉದ್ದ, 50 ಅಗಲ, 45 ಎತ್ತರದ ಟ್ಯಾಂಕ್ ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 225 ಲೀಟರ್. ಅದನ್ನು ಕಂಠಪೂರ್ತಿ ತುಂಬಿಸಬಾರದು, ಶೇಕಡಾ 5ರಷ್ಟು ಜಾಗ ಬಿಡಬೇಕು. ಬಂಕಿನ ನೆಲದಡಿಯ ಟ್ಯಾಂಕಿನಿಂದ ಬಂದ ತಣ್ಣನೆಯ ಡೀಸೆಲ್ ನಮ್ಮ ಏಪ್ರಿಲ್ ಬಿಸಿಲಿನಲ್ಲಿ 15 ಡಿಗ್ರಿ ಬಿಸಿಯಾದರೆ ಸುಮಾರು ಎರಡೂವರೆ ಲೀಟರಿನಷ್ಟು ಉಬ್ಬುತ್ತದೆ. ಜಾಗ ಇಲ್ಲದಿದ್ದರೆ ಅದು ಬ್ರೀದರಿನಿಂದ ರಸ್ತೆಗೆ ಬೀಳುತ್ತದೆ, ಹಿಂದೆ ಬರುವ ಬೈಕಿನವನು ಜಾರಿ ಬೀಳುತ್ತಾನೆ. ಉಳಿದ 213 ಲೀಟರ್ ಡೀಸೆಲ್ ಸುಮಾರು 177 ಕಿಲೋ ತೂಗುತ್ತದೆ. ಟ್ಯಾಂಕು, ಪಟ್ಟಿ, ಬ್ರಾಕೆಟ್ ಸೇರಿದರೆ 200 ಕಿಲೋ ದಾಟುತ್ತದೆ. ಅಷ್ಟು ಮೀನು ಕಡಿಮೆ ಹೊರಬೇಕು. ಟನ್ನೇಜಿನಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪೆನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿಯನ್ನು ಬದಲಾಯಿಸಲು ಆಗುವುದಿಲ್ಲ. ಆದ್ದರಿಂದ ನಿಮ್ಮ ಮಾಡೆಲಿಗೆ ಕಂಪೆನಿಯೇ ಎರಡು ಟ್ಯಾಂಕಿನ ವ್ಯವಸ್ಥೆ ಕೊಡುತ್ತದಾ ಎಂದು ಮೊದಲು ಡೀಲರ್ ಹತ್ತಿರ ಕೇಳಿ. ಇದ್ದರೆ ಅದನ್ನೇ ಹಾಕಿಸಿ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಇಲ್ಲದಿದ್ದರೆ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸಿನವರಿಗೂ ಬರವಣಿಗೆಯಲ್ಲಿ ತಿಳಿಸಿ, ಆಮೇಲೆ ಕೆಲಸ ಶುರು ಮಾಡಿ. ನಾಳೆ ಏನಾದರೂ ಬೆಂಕಿ ಹಿಡಿದರೆ ಮೊದಲು ಕೇಳುವ ಪ್ರಶ್ನೆಯೇ ಈ ಟ್ಯಾಂಕ್ ಎಲ್ಲಿಂದ ಬಂತು ಎಂಬುದು.

ಡೀಸೆಲ್ ದಾಟಿಸುವ ಮೂರು ಬಗೆ

ಮೊದಲನೆಯದು ಜೋಡಿ ಟ್ಯಾಂಕ್. ಚಾಸಿಯ ಎರಡೂ ಬದಿಗೆ ಒಂದೇ ಎತ್ತರದಲ್ಲಿ ಟ್ಯಾಂಕ್ ಕೂರಿಸಿ, ತಳದಲ್ಲಿ ದಪ್ಪ ಪೈಪಿನಿಂದ ಸೇರಿಸುವುದು. ಬಾವಿಯ ನೀರಿನ ಹಾಗೆ ಎರಡರಲ್ಲೂ ಮಟ್ಟ ಒಂದೇ ಇರುತ್ತದೆ. ಪಂಪ್ ಬೇಡ, ಸ್ವಿಚ್ ಬೇಡ. ಆದರೆ ಕೆಳಗೆ ನೇತಾಡುವ ಆ ಪೈಪ್ ಹಂಪಿಗೋ ಕಲ್ಲಿಗೋ ತಾಗಿ ಕಿತ್ತುಹೋದರೆ ಎರಡೂ ಟ್ಯಾಂಕ್ ಒಟ್ಟಿಗೆ ಖಾಲಿ. ಅದಕ್ಕೆ ಎರಡೂ ತುದಿಗೆ ವಾಲ್ವ್ ಬೇಕೇ ಬೇಕು. ಎರಡೂ ಟ್ಯಾಂಕಿಗೆ ಬ್ರೀದರ್ ಬೇಕು. ಒಂದು ಕಡೆಯ ಬ್ರೀದರ್ ಕಟ್ಟಿಕೊಂಡರೆ ಆ ಕಡೆಯ ಡೀಸೆಲ್ ಅಲ್ಲೇ ಉಳಿಯುತ್ತದೆ, ಈ ಕಡೆ ಮಾತ್ರ ಖಾಲಿಯಾಗುತ್ತಾ ಹೋಗುತ್ತದೆ.

ಎರಡನೆಯದು ಪಂಪ್. ಎರಡನೇ ಟ್ಯಾಂಕಿನಿಂದ ಮೊದಲ ಟ್ಯಾಂಕಿಗೆ ಡೀಸೆಲ್ ದಾಟಿಸುವ ಸಣ್ಣ ಎಲೆಕ್ಟ್ರಿಕ್ ಪಂಪ್. ಎಂಜಿನ್ ಯಾವಾಗಲೂ ಮೊದಲ ಟ್ಯಾಂಕಿನಿಂದಲೇ ಕುಡಿಯುತ್ತದೆ, ಅದರ ರಿಟರ್ನ್ ಕೂಡ ಅಲ್ಲಿಗೇ. ಕಂಪೆನಿ ಕೊಟ್ಟ ಪೈಪ್ ಯಾವುದನ್ನೂ ಕತ್ತರಿಸಬೇಕಾಗಿಲ್ಲ. ಬಿಎಸ್-6 (ಹೊಗೆಯ ಹೊಸ ನಿಯಮದ) ಗಾಡಿಗೆ ನಾನು ಹೇಳುವುದು ಇದನ್ನೇ.

ಮೂರನೆಯದು ಸೆಲೆಕ್ಟರ್ ವಾಲ್ವ್. ಎಂಜಿನ್ ಯಾವ ಟ್ಯಾಂಕಿನಿಂದ ಎಳೆಯಬೇಕು ಎಂದು ವಾಲ್ವ್ ತಿರುಗಿಸಿ ಹೇಳುವುದು. ಜಾಸ್ತಿ ಜನ ಎಡವುವುದು ಇಲ್ಲಿ. ಎಂಜಿನ್ ತಾನು ಎಳೆದ ಡೀಸೆಲ್ ಎಲ್ಲವನ್ನೂ ಸುಡುವುದಿಲ್ಲ ಅಲ್ವಾ? ದೊಡ್ಡ ಪಾಲು ಬಿಸಿಯಾಗಿ ರಿಟರ್ನ್ ಪೈಪಿನಲ್ಲಿ ವಾಪಸ್ ಬರುತ್ತದೆ. ಎಳೆಯುವ ಪೈಪನ್ನು ಮಾತ್ರ ಎರಡನೇ ಟ್ಯಾಂಕಿಗೆ ತಿರುಗಿಸಿ, ರಿಟರ್ನ್ ಮೊದಲಿನದ್ದಕ್ಕೇ ಬಿಟ್ಟರೆ ಏನಾಗುತ್ತದೆ? ಎರಡನೇ ಟ್ಯಾಂಕ್ ಲೆಕ್ಕಕ್ಕಿಂತ ಬೇಗ ಖಾಲಿ, ಮೊದಲ ಟ್ಯಾಂಕ್ ತುಂಬಿ ಹೊರಗೆ. "ಮೈಲೇಜ್ ಇದ್ದಕ್ಕಿದ್ದಂತೆ ಬಿತ್ತು" ಎಂದು ಬರುವ ಲಾರಿಗಳಲ್ಲಿ ನಾನು ಮೊದಲು ನೋಡುವುದು ಇದನ್ನು. ವಾಲ್ವಿಗೆ ಆರು ಬಾಯಿ ಇರಬೇಕು. ಎಳೆಯುವುದು, ವಾಪಸ್ ಬರುವುದು ಎರಡೂ ಒಟ್ಟಿಗೆ ಬದಲಾಗಬೇಕು.

ಕೂರಿಸುವಾಗ

ಜಾಗ ಚಾಸಿಯ ಬದಿಗೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರಲಿ. ಸೈಲೆನ್ಸರಿನಿಂದ ದೂರ. ಬಿಎಸ್-6 ಗಾಡಿಯಲ್ಲಿ ಹೊಗೆಯ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಡುವಾಗ ಒಳಗೆ 600 ಡಿಗ್ರಿ ವರೆಗೆ ಬಿಸಿ ಏರುತ್ತದೆ. ಅದರ ಹತ್ತಿರ ಟ್ಯಾಂಕನ್ನೂ ಇಡಬೇಡಿ, ರಬ್ಬರ್ ಪೈಪನ್ನೂ ಒಯ್ಯಬೇಡಿ. ಚಾಸಿಯ ಮೇಲಿನ, ಕೆಳಗಿನ ಅಂಚಿಗೆ ತೂತು ಹಾಕುವುದು, ಬ್ರಾಕೆಟನ್ನು ನೇರ ವೆಲ್ಡ್ ಮಾಡುವುದು ಎರಡೂ ತಪ್ಪು. ಚಾಸಿ ಬಿರುಕು ಬಿಡುವುದು ಅಲ್ಲಿಂದಲೇ. ಕಂಪೆನಿ ಚಾಸಿಯ ಬದಿಯಲ್ಲಿ ಬಿಟ್ಟ ತೂತುಗಳಿಗೆ ಬೋಲ್ಟ್ ಹಾಕಿ. ಪಟ್ಟಿ ಮತ್ತು ಟ್ಯಾಂಕಿನ ನಡುವೆ ರಬ್ಬರ್ ಬೇಕು.

ಟ್ಯಾಂಕಿನ ಒಳಗೆ ತೂತಿರುವ ಅಡ್ಡ ತಗಡು ಇರಲೇಬೇಕು. ಇಲ್ಲದಿದ್ದರೆ ಬ್ರೇಕ್ ಹೊಡೆದಾಗಲೆಲ್ಲ 100 ಕಿಲೋ ಡೀಸೆಲ್ ಓಡಿ ಬಂದು ಮುಂದಿನ ತಗಡಿಗೆ ಗುದ್ದುತ್ತದೆ. ಘಾಟಿಯ ತಿರುವಿನಲ್ಲಿ ಅದೇ ಡೀಸೆಲ್ ಒಂದು ಕಡೆಗೆ ಹೋಗಿ, ಎಳೆಯುವ ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಆ ಪೈಪ್ ತಳಕ್ಕೆ ತಾಗಬಾರದು, ಎರಡು ಸೆಂಟಿಮೀಟರಿನಷ್ಟು ಮೇಲಿರಲಿ. ಕಸ, ನೀರು ಅಡಿಯಲ್ಲಿ ಉಳಿಯಲಿ. ಅದನ್ನು ತೆಗೆಯಲು ತಳದಲ್ಲಿ ಒಂದು ಡ್ರೈನ್ ಪ್ಲಗ್.

ಜಿಐ ಪೈಪು, ಸತುವಿನ ಲೇಪದ ತಗಡು ಬೇಡ. ಸತು ಡೀಸೆಲಿನ ಜೊತೆ ಸೇರಿ ಸಾಬೂನಿನಂಥ ಜಿಗುಟು ಪದಾರ್ಥ ಆಗುತ್ತದೆ, ಅದು ಹೋಗಿ ಇಂಜೆಕ್ಟರಿನಲ್ಲಿ ಕೂರುತ್ತದೆ. ತಾಮ್ರದ ಪೈಪಿನಲ್ಲಿ ಡೀಸೆಲ್ ಬೇಗ ಹಾಳಾಗುತ್ತದೆ. ಕಾಮನ್ ರೇಲ್ ಎಂಜಿನ್ನಿನಲ್ಲಿ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಹೊಸ ಬಗೆ) ಒತ್ತಡ 1600ರಿಂದ 2000 ಬಾರ್. ಅಲ್ಲಿ ಬಿಡಿಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಹೊಸ ಟ್ಯಾಂಕಿನ ಒಂದು ಚಿಟಿಕೆ ವೆಲ್ಡಿಂಗ್ ಪುಡಿ ಸಾಕು ಅದನ್ನು ಕೆಡಿಸಲು. ಆದ್ದರಿಂದ ಮೊದಲು ಹತ್ತು ಲೀಟರ್ ಡೀಸೆಲ್ ಹಾಕಿ, ಅಲ್ಲಾಡಿಸಿ, ಡ್ರೈನಿನಿಂದ ಬಿಳಿ ಬಟ್ಟೆಯ ಮೇಲೆ ಬಿಡಿ. ಬಟ್ಟೆಯಲ್ಲಿ ಹೊಳೆಯುವ ಚೂರು ಕಾಣುವುದು ನಿಲ್ಲುವವರೆಗೆ ಮತ್ತೆ ಮಾಡಿ. ನಾನು ಒಮ್ಮೆಯೂ ಇದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಸೋರಿಕೆ ನೋಡಲು ಟಯರಿನ ಕಂಪ್ರೆಸರ್ ಹಿಡಿಯಬೇಡಿ. ಲೆಕ್ಕ ನೋಡಿ. 100 ಸೆಂಟಿಮೀಟರ್ ಉದ್ದ, 45 ಎತ್ತರದ ಒಂದು ಬದಿ ಎಂದರೆ 4500 ಚದರ ಸೆಂಟಿಮೀಟರ್. ಒಳಗೆ ಬರೀ 0.2 ಬಾರ್ ಗಾಳಿ ತುಂಬಿಸಿದರೂ ಆ ತಗಡಿನ ಮೇಲೆ ಸುಮಾರು 900 ಕಿಲೋ ಒತ್ತುತ್ತದೆ. ಟಯರಿನ ಗಾಳಿ ಬಿಟ್ಟರೆ ಟ್ಯಾಂಕ್ ಒಡೆಯುತ್ತದೆ. ಗುಂಡ್ಯದ ಲಾರಿಯದ್ದು ಇದೇ ಲೆಕ್ಕ ತಿರುಗಿಸಿ ಹಾಕಿದ ಹಾಗೆ. ಬ್ರೀದರ್ ಕಟ್ಟಿದಾಗ ಒಳಗೆ 0.1 ಬಾರ್ ಕಡಿಮೆಯಾದರೂ ಹೊರಗಿನ ಗಾಳಿ 450 ಕಿಲೋ ಬಲದಿಂದ ಒಂದೊಂದು ಬದಿಯನ್ನೂ ಒಳಗೆ ತಳ್ಳುತ್ತದೆ. ಟ್ಯಾಂಕಿನ ಬದಿ ಗುಳಿ ಬಿದ್ದದ್ದು ಕಂಡರೆ ಎಲ್ಲೋ ತಾಗಿದೆ ಎಂದುಕೊಳ್ಳುವ ಮೊದಲು ಬ್ರೀದರ್ ನೋಡಿ.

ಬ್ರೀದರ್ ಪೈಪನ್ನು ಟ್ಯಾಂಕಿಗಿಂತ ಎತ್ತರಕ್ಕೆ ಒಯ್ದು, ಬಾಯಿ ಕೆಳಮುಖವಾಗಿ, ಸಣ್ಣ ಬಲೆ ಹಾಕಿ ಬಿಡಬೇಕು. ನಮ್ಮ ಕರಾವಳಿಗೆ ಇದು ಇನ್ನೂ ಮುಖ್ಯ. ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ನಮ್ಮದು. ದಿನವಿಡೀ ಓಡಿ ಬಿಸಿಯಾದ ಟ್ಯಾಂಕಿನ ಮೇಲೆ ಒಮ್ಮೆಲೇ ಮಳೆ ಹೊಯ್ದರೆ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಾಯಿ ಮೇಲ್ಮುಖವಾಗಿದ್ದರೆ ನೀರನ್ನೇ ಎಳೆಯುತ್ತದೆ.

ಕಳ್ಳತನ ಅಲ್ಲ, ಸೈಫನ್

ಪಣಂಬೂರಿನಲ್ಲಿ ಬಂದರಿನ ಹೊರಗೆ ರಾತ್ರಿ ಕ್ಯೂನಲ್ಲಿ ನಿಂತಿದ್ದ ಒಂದು ಲಾರಿ. ಎರಡನೇ ಟ್ಯಾಂಕ್ ಕ್ಯಾಬಿನ್ ಹಿಂದೆ, ಎತ್ತರದಲ್ಲಿ. ಸಂಜೆ ಅದು ಫುಲ್ ಇತ್ತು, ಬೆಳಿಗ್ಗೆ ಅರ್ಧ. ಯಾರೋ ಕದ್ದರು ಎಂದು ಡ್ರೈವರ್ ಸುತ್ತಲಿನವರ ಜೊತೆ ಜಗಳಕ್ಕೇ ನಿಂತಿದ್ದ. ನಾನು ಹೋಗಿ ಬಗ್ಗಿ ನೋಡಿದರೆ ಮೊದಲ ಟ್ಯಾಂಕಿನ ಕೆಳಗೆ ಮರಳು ಕಪ್ಪಗೆ ನೆನೆದಿತ್ತು. ಪಂಪ್ ನಿಲ್ಲಿಸಿದ ಮೇಲೂ ಮೇಲಿನ ಟ್ಯಾಂಕಿನಿಂದ ಡೀಸೆಲ್ ಪೈಪಿನಲ್ಲಿ ತಾನಾಗಿ ಇಳಿದು (ಇದೇ ಸೈಫನ್), ಮೊದಲ ಟ್ಯಾಂಕ್ ತುಂಬಿ ಹೊರಗೆ ಹರಿದಿತ್ತು. ಅವನ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಇತ್ತು. ಆದರೆ ಅದು ತಡೆಯುವುದು ಹಿಂದಕ್ಕೆ ಬರುವುದನ್ನು ಮಾತ್ರ. ಮುಂದಕ್ಕೆ ಇಳಿಯುವುದನ್ನು ಅದು ಯಾಕೆ ತಡೆಯುತ್ತದೆ? ಪಂಪ್ ಆನ್ ಆದಾಗ ಮಾತ್ರ ತೆರೆಯುವ ಸೊಲೆನಾಯ್ಡ್ ವಾಲ್ವ್ ಹಾಕಿದೆವು. ಅದಿಲ್ಲದಿದ್ದರೆ ಕೈಯಿಂದ ಮುಚ್ಚುವ ಸಾದಾ ವಾಲ್ವ್ ಆದರೂ ಬೇಕು.

ಪಂಪಿನ ಬಗ್ಗೆ ಇನ್ನೆರಡು ಮಾತು. ನಿಮ್ಮ ಪಂಪ್ ನಿಮಿಷಕ್ಕೆ ಎಷ್ಟು ಎಳೆಯುತ್ತದೆ ಎಂದು ಒಂದು ಕ್ಯಾನಿಗೆ ಬಿಟ್ಟು ಅಳೆದಿಟ್ಟುಕೊಳ್ಳಿ. ಎರಡು ಲೀಟರ್ ಎಂದಾದರೆ 100 ಲೀಟರ್ ದಾಟಲು 50 ನಿಮಿಷ. ಮೊದಲ ಟ್ಯಾಂಕಿನಲ್ಲಿ ಅಷ್ಟು ಜಾಗ ಆದ ಮೇಲೆಯೇ ಸ್ವಿಚ್ ಹಾಕಿ. ಟೈಮರ್ ಇದ್ದರೆ ನಿದ್ದೆಗಣ್ಣಿನ ಮರೆವಿಗೆ ಹೆದರಬೇಕಾಗಿಲ್ಲ. ಖಾಲಿ ಟ್ಯಾಂಕಿನಲ್ಲಿ ಪಂಪ್ ಓಡಿಸಿದರೆ ಸುಟ್ಟುಹೋಗುತ್ತದೆ, ಯಾಕೆಂದರೆ ಅದಕ್ಕೆ ಎಣ್ಣೆ ಸವರುವುದೂ ಅದೇ ಡೀಸೆಲ್.

ಲಾರಿಯದ್ದು 24 ವೋಲ್ಟ್. ಅಂಗಡಿಯಲ್ಲಿ 12 ವೋಲ್ಟಿನ ಪಂಪ್ ಅಗ್ಗಕ್ಕೆ ಸಿಕ್ಕಿತು ಎಂದು ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ವಯರ್ ಎಳೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪಂಪ್ ಓಡುತ್ತದೆ, ನಿಜ. ಆದರೆ ಆ ಒಂದು ಬ್ಯಾಟರಿ ಯಾವಾಗಲೂ ಅರೆಹೊಟ್ಟೆ, ಇನ್ನೊಂದಕ್ಕೆ ಚಾರ್ಜ್ ಜಾಸ್ತಿ. ಕೊನೆಗೆ ಎರಡೂ ಹೋಗುತ್ತವೆ. 24 ವೋಲ್ಟಿನ ಪಂಪೇ ತನ್ನಿ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ವಯರ್ ಎಲ್ಲಿ ಉಜ್ಜಿ ಶಾರ್ಟ್ ಆದರೂ ಅದು ಹಾರಬೇಕು.

ತೊಂದರೆ ಹುಡುಕುವುದು

ಗಾಡಿ ಒಂದು ಗಂಟೆ ಚೆನ್ನಾಗಿ ಓಡಿ, ಆಮೇಲೆ ಎಳೆತ ಕಡಿಮೆಯಾಗಿ, ಮುಚ್ಚಳ ತೆಗೆದರೆ ಸರಿಯಾಗುತ್ತದೆ ಎಂದರೆ ಅದು ಬ್ರೀದರ್. ಬೇರೆ ಏನನ್ನೂ ಬಿಚ್ಚಬೇಡಿ.

ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಓಡುವಾಗ ಕೆಮ್ಮಿದ ಹಾಗೆ ಆಗುವುದು ಇದ್ದರೆ ಏರ್ ಹಿಡಿದಿದೆ ಎಂದರ್ಥ. ಇಲ್ಲಿ ಜನರಿಗೆ ನಂಬಲು ಕಷ್ಟವಾಗುವ ಒಂದು ಸಂಗತಿ ಉಂಟು. ಏರ್ ಹಿಡಿಯುವ ಜಾಯಿಂಟಿನಲ್ಲಿ ಡೀಸೆಲ್ ಸೋರಬೇಕೆಂದೇನೂ ಇಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನ (ಡೀಸೆಲ್ ಎಳೆದು ಎಂಜಿನ್‌ಗೆ ಕೊಡುವ ಪಂಪ್) ವರೆಗಿನ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಸ್ಟ್ರಾದಲ್ಲಿ ಬೊಂಡ ಕುಡಿಯುವ ಹಾಗೆ. ಸ್ಟ್ರಾದಲ್ಲಿ ಸಣ್ಣ ತೂತಿದ್ದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಡೀಸೆಲ್ ಪೈಪೂ ಹಾಗೇ. ಆದ್ದರಿಂದ ಒಣಗಿದ ಜಾಯಿಂಟ್ ನೋಡಿ ಸರಿ ಉಂಟು ಎಂದು ಬಿಡಬೇಡಿ. ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ಒಂದು ಗೇಣು ತುಂಡನ್ನು ಫೀಡ್ ಪಂಪಿನ ಮೊದಲು ತಾತ್ಕಾಲಿಕವಾಗಿ ಸೇರಿಸಿ, ಎಂಜಿನ್ ಓಡಿಸಿ, ಟಾರ್ಚ್ ಹಿಡಿದು ನೋಡಿ. ಸೋಡಾದ ಹಾಗೆ ಗುಳ್ಳೆ ಬರುತ್ತಿದ್ದರೆ ಅಲ್ಲಿಂದ ಟ್ಯಾಂಕಿನ ಕಡೆಗೆ ಒಂದೊಂದೇ ಜಾಯಿಂಟ್ ಬಿಗಿ ಮಾಡುತ್ತಾ, ವಾಷರ್ ಬದಲಿಸುತ್ತಾ ಹೋಗಿ. ಸೆಲೆಕ್ಟರ್ ವಾಲ್ವನ್ನು ಒಂದು ಟ್ಯಾಂಕಿಗೆ ಇಟ್ಟಾಗ ಗುಳ್ಳೆ ಇದ್ದು, ಇನ್ನೊಂದಕ್ಕೆ ತಿರುಗಿಸಿದಾಗ ಇಲ್ಲ ಎಂದಾದರೆ ಹುಡುಕಾಟ ಅಲ್ಲಿಗೇ ಅರ್ಧ ಆಯಿತು.

ಏರ್ ತೆಗೆಯುವಾಗ ಜಾಗ್ರತೆ. ಹಳೇ ಎಂಜಿನ್ನಿನಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಸ್ಟಾರ್ಟರ್ ಹೊಡೆಯುತ್ತಿದ್ದೆವು. ಕಾಮನ್ ರೇಲಿನಲ್ಲಿ ಅದನ್ನು ಮಾಡಲೇಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಬೆರಳನ್ನೇ ಕಳೆದುಕೊಳ್ಳುವ ಅಪಾಯ ಉಂಟು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಫಿಲ್ಟರಿನ ಮೇಲಿರುವ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ.

ನೀರು ಉಂಟಾ ಎಂದು ನೋಡಲು ಗಾಡಿ ರಾತ್ರಿಯಿಡೀ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡ್ರೈನ್ ಪ್ಲಗ್ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಅಲುಗಾಡಿಸದೆ ಇಡಿ. ನೀರು ಭಾರ, ಅಡಿಗೆ ಇಳಿಯುತ್ತದೆ. ಮೇಲೆ ತಿಳಿಹಳದಿ ಡೀಸೆಲ್. ನಡುವೆ ಕಪ್ಪು ಲೋಳೆಯ ಪದರ ಕಂಡರೆ ಅದು ಬರೀ ಕಸ ಅಲ್ಲ. ನೀರಿನಲ್ಲಿ ಬದುಕಿ ಡೀಸೆಲನ್ನು ತಿನ್ನುವ ಸೂಕ್ಷ್ಮ ಜೀವಿಗಳು ಅವು. ಎರಡು ತಿಂಗಳು ಮಳೆಗಾಲದಲ್ಲಿ ನಿಂತ ಮೀನಿನ ಲಾರಿಗಳಲ್ಲಿ ಇದು ಸಾಮಾನ್ಯ. ಫಿಲ್ಟರ್ ಬದಲಿಸಿದರೆ ವಾರದಲ್ಲಿ ಮತ್ತೆ ಕಟ್ಟುತ್ತದೆ. ಟ್ಯಾಂಕ್ ಖಾಲಿ ಮಾಡಿ ಒಳಗಿನಿಂದ ತೊಳೆದು, ಒಣಗಿಸಿಯೇ ಆಗಬೇಕು. ನಿಷೇಧದ ಸಮಯದಲ್ಲಿ ಗಾಡಿ ನಿಲ್ಲಿಸುವ ಮೊದಲು ಎರಡೂ ಟ್ಯಾಂಕನ್ನು ಆ 5 ಶೇಕಡಾ ಬಿಟ್ಟು ತುಂಬಿಸಿಡಿ. ಒಳಗೆ ಗಾಳಿ ಕಡಿಮೆ ಇದ್ದರೆ ತೇವವೂ ಕಡಿಮೆ.

ಡೀಸೆಲ್ ಗೇಜ್ ಸುಳ್ಳು ಹೇಳುತ್ತಿದ್ದರೆ ಫ್ಲೋಟ್ (ಟ್ಯಾಂಕಿನೊಳಗೆ ತೇಲಿ ಮಟ್ಟ ತಿಳಿಸುವ ಭಾಗ) ಬದಲಿಸುವ ಮೊದಲು ಅರ್ತ್ ನೋಡಿ. ಉಪ್ಪುಗಾಳಿಗೆ ಬ್ರಾಕೆಟ್ ತುಕ್ಕು ಹಿಡಿದು, ಟ್ಯಾಂಕಿಗೂ ಚಾಸಿಗೂ ಸಂಪರ್ಕ ತಪ್ಪಿರುತ್ತದೆ. ಟ್ಯಾಂಕಿನಿಂದ ಚಾಸಿಗೆ ಬೇರೆಯೇ ಒಂದು ಅರ್ತ್ ವಯರ್ ಎಳೆದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು.

ಟ್ಯಾಂಕ್ ತೂತಾದರೆ ಮಾತ್ರ ನನ್ನ ಒಂದು ಮಾತು ಕೇಳಲೇಬೇಕು. ಒಮ್ಮೆ ಡೀಸೆಲ್ ತುಂಬಿದ ಟ್ಯಾಂಕಿಗೆ ರಸ್ತೆ ಬದಿಯಲ್ಲಿ ವೆಲ್ಡಿಂಗ್ ಹಿಡಿಸಬೇಡಿ. ಡೀಸೆಲ್ ಪೆಟ್ರೋಲಿನ ಹಾಗೆ ಹತ್ತಿಕೊಳ್ಳುವುದಿಲ್ಲ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಮೂಲೆಯಲ್ಲಿ, ಅಡ್ಡ ತಗಡಿನ ಸಂದಿಯಲ್ಲಿ, ತುಕ್ಕಿನ ಅಡಿಯಲ್ಲಿ ಉಳಿದ ಡೀಸೆಲ್ ವೆಲ್ಡಿಂಗಿನ ಬಿಸಿಗೆ ಆವಿಯಾಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆವಿ, ಗಾಳಿ, ಕಿಡಿ ಮೂರೂ ಸೇರಿದರೆ ಅದು ಬಾಂಬ್. ನೀರಿನಿಂದ ನಾಲ್ಕು ಸಲ ತೊಳೆದರೂ ಖಾತ್ರಿ ಇಲ್ಲ. ಹಳೇ ಟ್ಯಾಂಕ್ ಬಿಸಾಡಿ, ಹೊಸದು ಹಾಕಿ. ವೆಲ್ಡ್ ಮಾಡುವವನಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ಹೊಸ ಟ್ಯಾಂಕ್ ಕೂರಿಸಿ 500 ಕಿಲೋಮೀಟರ್ ಆದ ಮೇಲೆ ಒಮ್ಮೆ ಗಾಡಿಯಡಿಗೆ ಹೋಗಿ. ರಬ್ಬರ್ ಕುಳಿತುಕೊಂಡು ಪಟ್ಟಿ ಸಡಿಲವಾಗಿರುತ್ತದೆ, ನಟ್ ಬಿಗಿ ಮಾಡಿ. ಪ್ರತಿ ಜಾಯಿಂಟನ್ನೂ ಬಟ್ಟೆಯಿಂದ ಒರೆಸಿ ಮೂಸಿ ನೋಡಿ. ಬ್ರೀದರ್ ಪೈಪನ್ನು ಟ್ಯಾಂಕಿನಿಂದ ಬಿಚ್ಚಿ ಒಮ್ಮೆ ಊದಿ. ಉಸಿರು ಆ ತುದಿಯಿಂದ ಸಲೀಸಾಗಿ ಹೊರಗೆ ಬಂದರೆ ಮತ್ತೆ ಹಾಕಿ ಕ್ಲಿಪ್ ಬಿಗಿದುಬಿಡಿ.